ಗಾಜೊರಸುವ ಕೈ

ಮಲೆನಾಡಿನ ಆಷಾಢದ ಮಳೆಯನ್ನು ಮೋಟಾರುಗಾಡಿಯೊಳಗೆ ಕುಳಿತು ಕಂಡವರಿಗೆ, ಆ ಗಾಡಿಯ ಅಂಗಾಂಗಗಳಲ್ಲಿ ಪ್ರಾಣಪ್ರಾಯವಾದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಎಂಜಿನು ನಿಂತರೆ ಗಾಡಿ ನಿಲ್ಲುತ್ತದೆ, ಅಷ್ಟೆ. ದಾರಿಯ ಪಕ್ಕದ ಯಾರದೋ ಮನೆಯ ಜಗಲಿಯನ್ನೇರಿ ಕಾಫಿಗಾಗಿ ಕಾಯಬಹುದು. ಘಾಟಿಯ ತಿರುವಿನಲ್ಲಿ ಗಾಡಿ ಓಡುತ್ತಿರುವಾಗಲೇ ಮುಂದಿನ ಗಾಜಿನ ಮೇಲಿನ ವೈಪರು ಅರ್ಧಕ್ಕೆ ನಿಂತುಬಿಟ್ಟರೆ ಮಾತ್ರ, ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ನಡುವೆ ಕಣ್ಣಿದ್ದೂ ಕುರುಡನಾದ ಚಾಲಕ ಎಂಬ ಸ್ಥಿತಿ ಒದಗುತ್ತದೆ. ಆಗುಂಬೆಯಲ್ಲಿ 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಮಳೆ ಸುರಿದದ್ದು ದಾಖಲೆಯಲ್ಲಿದೆ. ಆ ತಿಂಗಳಲ್ಲಿ ಆ ಘಾಟಿಯ 14 ಕಡಿದಾದ ತಿರುವುಗಳನ್ನು ಇಳಿದು ಸೋಮೇಶ್ವರವನ್ನು ಮುಟ್ಟಿದ ಚಾಲಕರು ಯಾರೇ ಆಗಿರಲಿ, ಅವರು ನೆನೆದ ದೇವರುಗಳ ಸಾಲಿನಲ್ಲಿ ಗಾಜಿನ ಮೇಲಾಡುವ ಆ ಎರಡು ಗೇಣಿನ ಕೈಗೂ ಒಂದು ಸ್ಥಾನವಿದ್ದಿರಲೇಬೇಕು.

ಆದರೂ ಮೋಟಾರಿನ ಚರಿತ್ರೆಯನ್ನು ಬರೆದವರು ಈ ಕೈಗೆ ಕೊಟ್ಟಿರುವುದು ಬಾಗಿಲ ಹಿಂದೆ ನಿಲ್ಲಿಸಿದ ಪೊರಕೆಯ ಸ್ಥಾನವನ್ನು. ಎಂಜಿನಿನ ಅಶ್ವಶಕ್ತಿಯನ್ನು ವರ್ಣಿಸುವ ಪುಟಗಳ ನಡುವೆ ವೈಪರಿಗೆ ದೊರೆಯುವುದು ಒಂದು ಸಾಲು. ಅದರ ಕಥೆಯಾದರೋ ನಿಜವಾಗಿ ಸ್ವಾರಸ್ಯವಾದದ್ದು. ಏಕೆಂದರೆ ಅದು ಮೊದಲಿನಿಂದ ಕೊನೆಯವರೆಗೆ ಎರವಲು ಬಲದ ಕಥೆ. ಗಾಜನ್ನು ಒರಸಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾರ ಬಲದಿಂದ ಒರಸಬೇಕು ಎಂಬುದೊಂದೇ ಐವತ್ತು ಅರುವತ್ತು ವರ್ಷಗಳ ಕಾಲ ಬಗೆಹರಿಯದೆ ಉಳಿದ ಪ್ರಶ್ನೆ.

ಮೊದಮೊದಲ ಮೋಟಾರುಗಳಿಗೆ ಮುಂದಿನ ಗಾಜೇ ಇರಲಿಲ್ಲ. ಕುದುರೆಯಿಲ್ಲದ ಬಂಡಿಯನ್ನೇರಿದ ಸವಾರರು ದಪ್ಪ ಕನ್ನಡಕವನ್ನೂ ಮೈತುಂಬ ನಿಲುವಂಗಿಯನ್ನೂ ಧರಿಸಿ, ಧೂಳನ್ನೂ ಮಳೆಯನ್ನೂ ಮುಖದ ಮೇಲೆಯೇ ಸ್ವೀಕರಿಸುತ್ತಿದ್ದರು. ವೇಗ ಹೆಚ್ಚಿದಂತೆ ಗಾಜು ಬಂತು. ಗಾಜು ಬಂದದ್ದರಿಂದ ಗಾಳಿಯ ಕಾಟ ತಪ್ಪಿತಾದರೂ, ಮುಖದ ಮೇಲೆ ಬೀಳುತ್ತಿದ್ದ ಹನಿಗಳು ಈಗ ನೋಟದ ಮೇಲೆ ಬಿದ್ದವು. ಎರಡು ತುಂಡಾಗಿ ಮಾಡಿದ ಗಾಜಿನ ಮೇಲ್ಭಾಗವನ್ನು ಮುಂದಕ್ಕೆ ತೆರೆದು ಆ ಸಂದಿಯಿಂದ ದಾರಿ ನೋಡುವುದು ಅಂದಿನವರು ಕಂಡುಕೊಂಡ ಉಪಾಯ. ಅಂದರೆ ಗಾಜನ್ನು ಕೊಂಡ ಸುಖವನ್ನು ಮಳೆ ಬಂದೊಡನೆ ಹಿಂದಿರುಗಿಸಬೇಕು! ಕೊಡೆಯನ್ನು ಕೊಂಡು, ಮಳೆ ಬಂದಾಗ ಮಡಿಸಿ ಕಂಕುಳಲ್ಲಿಟ್ಟುಕೊಂಡಂತೆ.

ಈ ವಿಪರೀತವನ್ನು ಕಣ್ಣಾರೆ ಕಂಡು ಚಿಂತಿಸಿದವರಲ್ಲಿ ಚರಿತ್ರೆ ಮೊದಲು ಹೆಸರಿಸುವುದು ಮೋಟಾರಿನೊಡನೆ ಯಾವ ಸಂಬಂಧವೂ ಇಲ್ಲದಿದ್ದ ಒಬ್ಬ ಮಹಿಳೆಯನ್ನು. ಅಮೆರಿಕದ ಅಲಬಾಮಾ ಪ್ರಾಂತದ ಬರ್ಮಿಂಗ್‌ಹ್ಯಾಮ್ ಎಂಬ ಊರಿನ ಮೇರಿ ಆಂಡರ್ಸನ್ ಎಂಬಾಕೆ 1902-03ರ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಟ್ರ್ಯಾಮ್ ಗಾಡಿಯೊಂದನ್ನು ಹತ್ತಿದಾಗ, ಹಿಮ ಬೆರೆತ ಮಳೆಯಲ್ಲಿ ದಾರಿ ಕಾಣದೆ ಚಾಲಕನು ಮುಂದಿನ ಕಿಟಕಿಯನ್ನು ತೆರೆದುಕೊಂಡೇ ಗಾಡಿ ನಡೆಸುತ್ತಿದ್ದುದನ್ನೂ, ಅದರಿಂದ ಒಳಗಿದ್ದವರೆಲ್ಲ ನಡುಗುತ್ತಿದ್ದುದನ್ನೂ ನೋಡಿದರು. ಸುಮ್ಮನೆ ನಡುಗಿ ಇಳಿದುಹೋದ ಪ್ರಯಾಣಿಕರು ಸಾವಿರಾರು ಮಂದಿ ಇದ್ದಿರಬೇಕು. ಊರಿಗೆ ಮರಳಿ ಚಿತ್ರ ಬರೆದವರು ಈಕೆ. ಗಾಡಿಯೊಳಗೆ ಚಾಲಕನ ಕೈಗೆಟಕುವಂತೆ ಒಂದು ಸನ್ನೆ, ಹೊರಗೆ ರಬ್ಬರಿನ ಅಂಚುಳ್ಳ ಒಂದು ತೋಳು, ಅದು ಗಾಜಿಗೆ ಒತ್ತಿ ನಿಲ್ಲುವಂತೆ ಒಂದು ಭಾರ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೆಗೆದಿಡುವ ಸೌಕರ್ಯ, ಇಷ್ಟೇ ಅವರ ಕಲ್ಪನೆ. 1903ರ ನವೆಂಬರ್ 10ರಂದು ಅದಕ್ಕೆ 743801 ಎಂಬ ಸಂಖ್ಯೆಯ ಪೇಟೆಂಟ್ ದೊರೆಯಿತು. ಅದನ್ನು ಮಾರಲೆಂದು 1905ರಲ್ಲಿ ಕೆನಡಾದ ಒಂದು ಸಂಸ್ಥೆಗೆ ಬರೆದರೆ, ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಹೇಳಿಕೊಳ್ಳುವಂಥ ಬೆಲೆಯಿಲ್ಲವೆಂಬ ಉತ್ತರ ಬಂತು. ಹದಿನೇಳು ವರ್ಷಗಳ ಅವಧಿ ಮುಗಿದು 1920ರಲ್ಲಿ ಪೇಟೆಂಟಿನ ಹಕ್ಕು ಅಳಿಯಿತು; ಮೋಟಾರುಗಳು ಲಕ್ಷಗಟ್ಟಲೆಯಾಗಿ ಬೀದಿಗಿಳಿದದ್ದೂ ವೈಪರು ಎಲ್ಲರಿಗೂ ಬೇಕಾದದ್ದೂ ಅದರ ಆಚೀಚಿನ ವರ್ಷಗಳಲ್ಲಿಯೇ. ಒಂದು ಕಾಸನ್ನೂ ಕಾಣದೆ ಆಕೆ 1953ರಲ್ಲಿ ತೀರಿಕೊಂಡರು. ಮರದ ನೆರಳು ಬರುವ ಹೊತ್ತಿಗೆ ನೆಟ್ಟವರ ಹೆಸರು ಮರೆತುಹೋಗುವುದು ನಮ್ಮ ಊರಿನ ಕೆರೆಕಟ್ಟೆಗಳ ವಿಷಯದಲ್ಲಿಯೂ ಉಂಟಷ್ಟೆ.

ಆದರೆ ಮೇರಿಯವರ ತೋಳಿಗೆ ಬಲ ಕೊಡುತ್ತಿದ್ದುದು ಚಾಲಕನ ಕೈ. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ವೈಪರಿನ ಸನ್ನೆ. ಗೇರು ಬದಲಿಸಬೇಕಾದರೆ ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಈ ಕೈವೈಪರನ್ನು ಕೇವಲ ಪುರಾಣಕಾಲದ್ದೆಂದು ತಿಳಿಯಬೇಕಾಗಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ವಿಲೇವಾರಿ ಮಾಡಿದ ವಿಲ್ಲಿಸ್ ಜೀಪುಗಳಲ್ಲಿ ಗಾಜಿನ ಮೇಲಂಚಿಗೆ ಹಿಡಿಯುಳ್ಳ ಕೈವೈಪರುಗಳೇ ಇದ್ದವು. ಕಾಫಿತೋಟದ ಕಡೆಗೆ ಬಂದ ಅಂಥ ಜೀಪುಗಳಲ್ಲಿ ಪಕ್ಕದಲ್ಲಿ ಕುಳಿತವನ ಮುಖ್ಯ ಉದ್ಯೋಗವೆಂದರೆ ಹಿಡಿಯನ್ನು ಅತ್ತಿತ್ತ ಆಡಿಸುವುದು. ಮಾತಿಗೆ ತೊಡಗಿ ಅವನು ಮೈಮರೆತರೆ ಚಾಲಕನಿಂದ ಬೈಗುಳ. ಕೈವೈಪರೂ ಇಲ್ಲದಾಗ, ಅಡಕೆ-ಎಲೆಯ ಚಂಚಿಯಿಂದ ಹೊಗೆಸೊಪ್ಪನ್ನು ತೆಗೆದು ನೀರಿನಲ್ಲಿ ಕಿವುಚಿ ಗಾಜಿಗೆ ಉಜ್ಜಿದರೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹಾಳೆಯಂತೆ ಹರಿದುಹೋಗಿ ಸ್ವಲ್ಪ ಹೊತ್ತು ದಾರಿ ಕಾಣುತ್ತಿತ್ತು. ಈ ವಿದ್ಯೆಯನ್ನು ಲಾರಿಯವರು ಇಂದಿಗೂ ಮರೆತಿಲ್ಲ.

ಚಾಲಕನ ಕೈಯನ್ನು ಬಿಡಿಸಿದ್ದು ಎಂಜಿನಿನ ಉಸಿರು. ಬಫೆಲೊ ನಗರದ ಜಾನ್ ಓಯಿಷೈ ಎಂಬ ನಾಟಕಶಾಲೆಯ ವ್ಯವಸ್ಥಾಪಕರು 1917ರಲ್ಲಿ ಮಳೆಯ ರಾತ್ರಿಯೊಂದರಲ್ಲಿ ಕಣ್ಣು ಕಾಣದೆ ಸೈಕಲ್ ಸವಾರನೊಬ್ಬನಿಗೆ ತಮ್ಮ ಕಾರನ್ನು ತಾಗಿಸಿ, ಆ ಕಳವಳದಿಂದಲೇ ಗಾಜೊರಸುವ ರಬ್ಬರಿನ ವ್ಯಾಪಾರಕ್ಕೆ ಇಳಿದರು. ಮುಂದೆ ಟ್ರೈಕೊ ಎಂದು ಜಗತ್ತಿಗೆಲ್ಲ ಪರಿಚಿತವಾದ ಸಂಸ್ಥೆಯ ಮೂಲ ಇದು. ಅದೇ ಕಾಲಕ್ಕೆ ಕ್ಲೀವ್‌ಲ್ಯಾಂಡಿನ ಫೋಲ್ಬರ್ತ್ ಎಂಬುವರು ಬೇರೊಂದು ದಾರಿ ಹಿಡಿದಿದ್ದರು. ಎಂಜಿನು ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಕ್ಕೆ ಎಳೆದುಕೊಳ್ಳುವ ಕೊಳವೆಯಲ್ಲಿ ಸದಾ ಒಂದು ಹೀರುವಿಕೆ, ಅಂದರೆ ಅರ್ಧ ನಿರ್ವಾತ, ಇರುತ್ತದೆ. ಅಲ್ಲಿಂದ ಒಂದು ಸಣ್ಣ ರಬ್ಬರಿನ ನಳಿಗೆಯನ್ನು ಗಾಜಿನ ಬುಡಕ್ಕೆ ತಂದು, ಒಂದು ಡಬ್ಬಿಯೊಳಗಿನ ಪಟ್ಟಿಯನ್ನು ಆ ಹೀರುವಿಕೆಯಿಂದ ಅತ್ತಿತ್ತ ಎಳೆಯಿಸಿದರೆ ವೈಪರು ತಾನಾಗಿ ಆಡುತ್ತದೆ. ಹೆಚ್ಚಿನ ಖರ್ಚಿಲ್ಲ, ಬ್ಯಾಟರಿಯ ಮೇಲೆ ಹೊರೆಯಿಲ್ಲ. ಮುಂದೆ ಫೋಲ್ಬರ್ತರ ಸಂಸ್ಥೆ ಟ್ರೈಕೊದಲ್ಲಿ ಸೇರಿಹೋಯಿತು. ಅಮೆರಿಕದ ಕಾರುಗಳಲ್ಲಿ 1960ರ ದಶಕದವರೆಗೂ, ಇಂಗ್ಲೆಂಡಿನ ಚಿಕ್ಕ ಫೋರ್ಡುಗಳಲ್ಲಿ 1950ರ ದಶಕದಲ್ಲಿಯೂ ಈ ಉಸಿರಿನ ವೈಪರೇ ಆಳಿತು.

ಬಯಲುಸೀಮೆಯಲ್ಲಿ ಅದು ಬುದ್ಧಿವಂತಿಕೆ. ಘಾಟಿಯಲ್ಲಿ ಅದು ವಿಶ್ವಾಸಘಾತ. ಏಕೆಂದರೆ ಆಕ್ಸಿಲರೇಟರನ್ನು ಬಿಟ್ಟಾಗ ಕೊಳವೆಯ ಬಾಯಿ ಮುಚ್ಚಿ ಹೀರುವಿಕೆ ಬಲವಾಗುತ್ತದೆ, ಒತ್ತಿದಾಗ ಬಾಯಿ ತೆರೆದು ಹೀರುವಿಕೆ ಸೊರಗುತ್ತದೆ. ಆದ್ದರಿಂದ ಗಾಡಿ ಸುಮ್ಮನೆ ನಿಂತಿರುವಾಗ ವೈಪರು ಹುಚ್ಚುಕುದುರೆಯಂತೆ ಕುಣಿಯುವುದು, ಏರಿನಲ್ಲಿ ಎಂಜಿನು ಏದುಸಿರು ಬಿಡುತ್ತ ಹತ್ತುವಾಗ, ಅಂದರೆ ಗಾಜು ಶುಭ್ರವಾಗಿರಲೇಬೇಕಾದ ಹೊತ್ತಿನಲ್ಲಿ, ಗಾಜಿನ ನಡುವೆ ಕೈಚೆಲ್ಲಿ ನಿಂತುಬಿಡುವುದು. ಇದನ್ನು ಬಲ್ಲ ಚಾಲಕರು ಏರಿನ ಮಧ್ಯದಲ್ಲಿ ಆಗಾಗ ಕ್ಷಣಮಾತ್ರ ಕಾಲನ್ನು ಸಡಿಲಿಸಿ, ವೈಪರಿನಿಂದ ಒಂದೆರಡು ಸುತ್ತು ಒರಸಿಸಿಕೊಂಡು, ಕಂಡಷ್ಟು ದಾರಿಯನ್ನು ನೆನಪಿನಲ್ಲಿಟ್ಟುಕೊಂಡು, ಮತ್ತೆ ಕಾಲನ್ನು ಒತ್ತುತ್ತಿದ್ದರು. ಹೀಗೆ ಅರ್ಧ ದಾರಿಯನ್ನು ಕಣ್ಣಿನಿಂದಲೂ ಅರ್ಧ ದಾರಿಯನ್ನು ಸ್ಮರಣೆಯಿಂದಲೂ ಹತ್ತುವುದು ಒಂದು ಕಲೆ. ಎರವಲು ತಂದವನ ಪಾಡು ಯಾವಾಗಲೂ ಹೀಗೆಯೇ; ಸಾಲ ಕೊಟ್ಟವನಿಗೆ ಕಷ್ಟ ಬಂದ ದಿನವೇ ನಮಗೂ ಹಣ ಬೇಕಾಗಿರುತ್ತದೆ.

ವಿದ್ಯುತ್ತಿನ ವೈಪರು ಈ ನಡುವೆ ಹುಟ್ಟದೆ ಇರಲಿಲ್ಲ. ಶಾರ್ಲಟ್ ಬ್ರಿಜ್‌ವುಡ್ ಎಂಬ ಇನ್ನೊಬ್ಬ ಮಹಿಳೆ 1917ರಲ್ಲಿಯೇ ಉರುಳೆಗಳಿಂದ ಒರಸುವ ವಿದ್ಯುದ್ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದು ಬಳಕೆಗೆ ಬರಲಿಲ್ಲ. ಜರ್ಮನಿಯ ಬಾಷ್ ಸಂಸ್ಥೆ 1926ರಲ್ಲಿ ತನ್ನದೊಂದನ್ನು ಮಾರುಕಟ್ಟೆಗೆ ತಂದಿತು. ಆದರೆ ನಮ್ಮ ನಾಡಿನ ರಸ್ತೆಗಳಿಗೆ ಸಂಬಂಧಿಸಿದ ವೈಪರು ಬಂದದ್ದು ಇನ್ನೊಂದು ಬರ್ಮಿಂಗ್‌ಹ್ಯಾಮಿನಿಂದ, ಇಂಗ್ಲೆಂಡಿನದರಿಂದ. ಹಡಗಿನ ದೀಪ, ಸೈಕಲ್ಲಿನ ದೀಪ ಮಾಡುತ್ತ ಮೇಲೆ ಬಂದ ಜೋಸೆಫ್ ಲೂಕಾಸರ ಸಂಸ್ಥೆ ಆ ದೇಶದ ಕಾರುಗಳ ವಿದ್ಯುದುಪಕರಣಗಳಿಗೆಲ್ಲ ಹೆಚ್ಚುಕಡಿಮೆ ಏಕಸ್ವಾಮ್ಯವನ್ನು ಪಡೆದಿತ್ತು. ಕೌಲಿಯಲ್ಲಿ ತಯಾರಾದ ಮೋರಿಸ್ ಕಾರು ಎಲ್ಲಿಗೆ ಹೋದರೂ ಲೂಕಾಸಿನ ವೈಪರು ಜೊತೆಯಲ್ಲಿ ಹೋಯಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಲೇಬೇಕೆಂದು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ಕಾರ್ಖಾನೆಗಳನ್ನು ಕಂಡು, ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರ ಸಹಯೋಗದಲ್ಲಿ ಮೈಸೂರು ಸಂಸ್ಥಾನದಲ್ಲಿಯೇ ಅದನ್ನು ನಿಲ್ಲಿಸುವ ಪ್ರಯತ್ನ ನಡೆದು, ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಅದು ಕೈಗೂಡಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನದ ಕಾರ್ಖಾನೆ ಬಂತು, ಕಾರಿನದು ಬರಲಿಲ್ಲ. ವಾಲ್‌ಚಂದರು ಮುಂದೆ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ಟನ್ನೂ, ಬಿರ್ಲಾ ಅವರು ಮೊದಲು ಓಖಾ ಬಂದರಿನಲ್ಲಿ, 1948ರಿಂದ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಮೋರಿಸನ್ನೂ ಕಟ್ಟಿಸಿದರು. ಮೋರಿಸ್ ಮೈನರು ಬೇಬಿ ಹಿಂದೂಸ್ತಾನವಾಯಿತು. ಮೋರಿಸ್ ಆಕ್ಸ್‌ಫರ್ಡ್ ಕಾರಿನ ಎರಡನೆಯ ಮಾದರಿ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೆಯದು ಅಂಬಾಸಿಡರ್ ಎಂಬ ಹೆಸರಿನಿಂದ 2014ರವರೆಗೂ ಬಾಳಿತು. ಮದರಾಸಿನಲ್ಲಿ 1961ರಲ್ಲಿ ಲೂಕಾಸ್-ಟಿವಿಎಸ್ ಸ್ಥಾಪಿತವಾದ ಮೇಲೆ ಈ ಕಾರುಗಳ ವಿದ್ಯುದುಪಕರಣಗಳು ಕ್ರಮೇಣ ಇಲ್ಲಿಯೇ ತಯಾರಾಗತೊಡಗಿದವು. ಸರ್ ಎಂ.ವಿ.ಯವರ ಕಾರ್ಖಾನೆ ಆಗಿದ್ದರೆ ನಮ್ಮ ಘಾಟಿಗಳನ್ನು ಬಲ್ಲ ಎಂಜಿನಿಯರು ನಮ್ಮ ಮಳೆಗೆ ತಕ್ಕ ವೈಪರನ್ನು ಮಾಡುತ್ತಿದ್ದನೋ ಏನೋ. ನಮಗೆ ದೊರೆತದ್ದು ಇಂಗ್ಲೆಂಡಿನ ತುಂತುರಿಗೆ ಹೊಲಿದ ಅಂಗಿ.

ಆ ಅಂಗಿಯ ಹೊಲಿಗೆ ಮಾತ್ರ ಸೊಗಸಾದದ್ದು. ಬಾನೆಟ್ಟನ್ನು ಎತ್ತಿದರೆ ಮುಷ್ಟಿಗಿಂತ ತುಸು ದೊಡ್ಡದಾದ ಮೋಟಾರು. ಅದರ ತಿರುಗಾಟವನ್ನು ಒಂದು ಹಲ್ಲಿನ ಚಕ್ರವೂ ಅದಕ್ಕೆ ಸಿಕ್ಕಿಸಿದ ಗುಬ್ಬಿಯೂ ಸೇರಿ ಹಿಂದುಮುಂದಿನ ಚಲನೆಯನ್ನಾಗಿ ಮಾಡುತ್ತವೆ. ಮೈಮೇಲೆ ಸುರುಳಿತಂತಿ ಸುತ್ತಿ ತಿರುಪಿನಂತಾದ ಒಂದು ಉದ್ದನೆಯ ಕೇಬಲ್ಲು ಲೋಹದ ನಳಿಗೆಯೊಳಗೆ ಹಾವಿನಂತೆ ಜಾರಿಹೋಗಿ, ಗಾಜಿನ ಬುಡದಲ್ಲಿರುವ ಎರಡು ಪುಟ್ಟ ಚಕ್ರಗಳನ್ನು ಅತ್ತಿತ್ತ ತಿರುಗಿಸುತ್ತದೆ; ಆ ಚಕ್ರಗಳ ಕಂಬಿಗೆ ಹೊರಗಿನ ಕೈಗಳು. ಇನ್ನು ವೈರಿಂಗು. ಲೂಕಾಸಿನವರ ಬಣ್ಣದ ಕಟ್ಟಳೆಯಲ್ಲಿ ಹಸಿರೆಂದರೆ ಚಾವಿ ತಿರುಗಿಸಿದಾಗ ಮಾತ್ರ ಫ್ಯೂಸಿನ ಮೂಲಕ ಹರಿಯುವ ಕರೆಂಟು, ಕಪ್ಪೆಂದರೆ ಅರ್ತ್, ಅಂದರೆ ಕರೆಂಟು ಗಾಡಿಯ ತಗಡಿನ ಮೂಲಕ ಹಿಂದಿರುಗುವ ದಾರಿ. ಅವರ ಹಳೆಯ ಮಾದರಿಗಳಲ್ಲಿ ಹಸಿರು ವೈರು ಸ್ವಿಚ್ಚಿಗೆ ಹೋಗದೆ ನೆಟ್ಟಗೆ ಮೋಟಾರಿಗೇ ಹೋಗುವುದೊಂದು ವಿಶೇಷ. ಸ್ವಿಚ್ಚಿರುವುದು ಮೋಟಾರಿನಿಂದ ಹೊರಟು ಗಾಡಿಯ ತಗಡಿಗೆ ಹಿಂದಿರುಗುವ ದಾರಿಯಲ್ಲಿ. ಅಂದರೆ ಕರೆಂಟು ಮೋಟಾರಿನ ಬಾಗಿಲಲ್ಲಿ ಸದಾ ಬಂದು ನಿಂತಿರುತ್ತದೆ. ಚಾಲಕನು ಗುಂಡಿಯನ್ನು ಎಳೆದು ಮಾಡುವುದಿಷ್ಟೆ, ಅದಕ್ಕೆ ಮನೆಗೆ ಹೋಗಲು ಅಪ್ಪಣೆ ಕೊಡುವುದು. ಇದಲ್ಲದೆ, ಮೋಟಾರಿನ ಗೇರುಡಬ್ಬಿಯ ಗುಮ್ಮಟದಂಥ ಮುಚ್ಚಳದಡಿಯಲ್ಲಿ, ಇನ್ನೊಂದು ಗುಪ್ತ ಸ್ವಿಚ್ಚುಂಟು. ಚಾಲಕನು ಗುಂಡಿಯನ್ನು ಒಳಗೆ ತಳ್ಳಿದ ಮೇಲೂ, ಕೈಗಳು ಗಾಜಿನ ತಳಕ್ಕೆ ಬಂದು ಮಲಗುವವರೆಗೆ ಕರೆಂಟನ್ನು ಹರಿಯಗೊಡುವುದು ಅದರ ಕೆಲಸ. ಕೈಗಳು ಎಲ್ಲೆಂದರಲ್ಲಿ ನಿಲ್ಲತೊಡಗಿದರೆ, ಆ ಗುಮ್ಮಟದ ಸ್ಕ್ರೂಗಳನ್ನು ಸಡಿಲಿಸಿ ಅದನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಬೇಕು, ವೀಣೆಯ ಬಿರಡೆಯನ್ನು ತಿರುಗಿಸುವವರ ಸಹನೆಯಿಂದ.

ಅಂದಿನ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಗಾಡಿಯ ಮೈಗೆ ಸೇರಿಸುವ ಪದ್ಧತಿ 1960ರ ದಶಕದ ಮಧ್ಯದವರೆಗೂ ಇತ್ತು. ರೇಡಿಯೊ ಹಾಕಿಸುವ ಆಸೆಯಿಂದ ಇದನ್ನು ತಿರುವುಮುರುವು ಮಾಡಿಸುವವರು ವೈಪರು ಹಿಂದುಮುಂದಾಗಿ ತಿರುಗೀತೆಂದು ಅಂಜುವುದುಂಟು. ಹಳೆಯ ಮೋಟಾರಿನೊಳಗೆ ಆಯಸ್ಕಾಂತದ ಬದಲು ತಂತಿಯ ಸುರುಳಿಯಿರುವುದರಿಂದ ಎರಡೂ ಕಡೆಯ ಧ್ರುವಗಳು ಒಟ್ಟಿಗೆ ಬದಲಾಗಿ ಅದು ಮೊದಲಿನಂತೆಯೇ ತಿರುಗುತ್ತದೆ. ಅಂಜಬೇಕಾದದ್ದು ನಿಜವಾದ ಆಯಸ್ಕಾಂತವನ್ನಿಟ್ಟ ಈಚಿನ ಮೋಟಾರುಗಳ ವಿಷಯದಲ್ಲಿ.

ಲೂಕಾಸಿನ ಸಾಮಾನುಗಳನ್ನು ಕುರಿತು ಇಂಗ್ಲಿಷರೇ ಕಟ್ಟಿದ ಹಾಸ್ಯಗಳು ಬಹಳ. ಆ ಸಂಸ್ಥೆಯ ಸ್ಥಾಪಕನಿಗೆ ಅಂಧಕಾರದ ಯುವರಾಜನೆಂಬ ಬಿರುದನ್ನೇ ಕೊಟ್ಟಿದ್ದಾರೆ. ಇದು ಅನ್ಯಾಯವೆಂದು ನನ್ನ ಭಾವನೆ. ನನಗೆ ಹಾಗೆನಿಸಲು ಕಾರಣವಾದ ಒಂದು ಪ್ರಸಂಗವುಂಟು.

ನಿವೃತ್ತ ಕನ್ನಡ ಪಂಡಿತರಾದ ನನ್ನ ಮಿತ್ರರೊಬ್ಬರ ಬಳಿ ಅವರ ಮಾವನವರಿಂದ ಬಂದ ಹಳೆಯ ಮೋರಿಸ್ ಮೈನರೊಂದಿತ್ತು. ಮಗಳ ಮದುವೆಯ ಸಂಭ್ರಮದಲ್ಲಿ ಅದಕ್ಕೆ ಒಳಗೂ ಹೊರಗೂ ಹೊಸ ಬಣ್ಣ ಹೊಡೆಸಿ ತಂದರು. ಮೊದಲ ಮಳೆಗೆ ಗುಂಡಿ ಎಳೆದರೆ ವೈಪರು ಅಲ್ಲಾಡಲಿಲ್ಲ. ಮೋಟಾರು ಸುಟ್ಟಿದೆ, ಹೊಸದು ಹಾಕಿಸಿ ಎಂದು ಒಬ್ಬರು ಹೇಳಿದರು. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿಕಾಗದವನ್ನು ಸುತ್ತಿ ನೋಡಿ ಎಂದು ಇನ್ನೊಬ್ಬರು ಹೇಳಿದರು. ಪುಣ್ಯಕ್ಕೆ ಪಂಡಿತರು ಆ ಮಾತನ್ನು ಕೇಳಲಿಲ್ಲ, ಕೇಳಿದವರ ಗಾಡಿಗಳು ಹೊತ್ತಿ ಉರಿದದ್ದುಂಟು. ಕೊನೆಗೆ ಊರಿನ ಹೊರಗೆ ತಗಡಿನ ಷೆಡ್ಡೊಂದರಲ್ಲಿ ಕೆಲಸ ಮಾಡುತ್ತಿದ್ದ ವೃದ್ಧ ಮೇಸ್ತ್ರಿ ಸಾಹೇಬರ ಬಳಿಗೆ ಹೋದೆವು.

ಸಾಹೇಬರಿಗೆ ಅವಸರವಿರಲಿಲ್ಲ. ಮೊದಲು ಮೋಟಾರಿನಿಂದ ಕೇಬಲ್ಲನ್ನು ಬಿಡಿಸಿ ಕೈಯಿಂದಲೇ ಎಳೆದು ನೋಡಿದರು. ನಳಿಗೆಯೊಳಗಿನ ಗ್ರೀಸು ಹಳೆಯ ಜೋನಿಬೆಲ್ಲದಂತೆ ಗಟ್ಟಿಯಾಗಿತ್ತು. ಅದನ್ನು ಸೀಮೆಯೆಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಸವರಿ ಪಕ್ಕಕ್ಕಿಟ್ಟು, “ಇದು ಬಿಗಿಯಾದ್ರೆ ಮೋಟ್ರು ಪಾಪ ಏನು ಮಾಡ್ತದೆ” ಎಂದರು. ಬಳಿಕ ಎರಡು ವೈರಿನ ತುದಿಗೆ ಬೆಸೆದ ಒಂದು ಸಣ್ಣ ಬಲ್ಬನ್ನು ಜೇಬಿನಿಂದ ತೆಗೆದು, ಒಂದು ತುದಿಯನ್ನು ಹಸಿರು ವೈರಿಗೂ ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ಮುಟ್ಟಿಸಿದಾಗ ಬಲ್ಬು ಉರಿಯಿತು. ಆಮೇಲೆ ಮೋಟಾರಿನಿಂದ ಸ್ವಿಚ್ಚಿಗೆ ಹೋಗುವ, ಹಸಿರು ಗೆರೆಯ ಕಪ್ಪು ವೈರನ್ನು ಬಿಚ್ಚಿ, ಅದರ ಜಾಗದಿಂದ ಬೇರೊಂದು ತುಂಡು ವೈರನ್ನು ಅದೇ ಬರಿಯ ಲೋಹಕ್ಕೆ ಮುಟ್ಟಿಸಿದರು. ಸತ್ತಿತೆಂದು ಎಲ್ಲರೂ ತಿಳಿದಿದ್ದ ಮೋಟಾರು ಗುಂಯ್ಯೆಂದು ತಿರುಗಿತು.

“ಮೋಟ್ರಿಗೆ ಏನೂ ಆಗಿಲ್ಲ ಸ್ವಾಮಿ. ಕರೆಂಟೂ ಬರ್ತದೆ. ಅರ್ತ್ ಇಲ್ಲ, ಅಷ್ಟೆ.”

ಪಂಡಿತರು ಕನ್ನಡಕವನ್ನು ಮೇಲೇರಿಸಿ, “ಮೂವತ್ತು ವರ್ಷ ಹುಡುಗರ ಪ್ರಬಂಧಗಳ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಬರೆದದ್ದೂ ಅದನ್ನೇ ಸಾಹೇಬರೆ” ಎಂದರು.

ಸಾಹೇಬರಿಗೆ ಶ್ಲೇಷೆ ತಿಳಿಯಿತೋ ಇಲ್ಲವೋ. ಅವರಾಗಲೇ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ್ದರು. ಸ್ವಿಚ್ಚಿನಿಂದ ಹೊರಟ ಕಪ್ಪು ವೈರು ಗಾಡಿಯ ತಗಡಿಗೆ ಸೇರುವಲ್ಲಿ ಒಂದು ಸ್ಕ್ರೂ. ಬಣ್ಣ ಹೊಡೆದವರು ಅದನ್ನು ಬಿಚ್ಚಿ, ಅಡಿಯ ತಗಡಿಗೂ ಶ್ರದ್ಧೆಯಿಂದ ಎರಡು ಕೋಟು ಹೊಡೆದು, ಒಣಗಿದ ಮೇಲೆ ಬಿಗಿದಿದ್ದರು. ಕರೆಂಟಿಗೆ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಾಳೆಯಷ್ಟು ಬಣ್ಣ ಅಡ್ಡ ನಿಂತಿತ್ತು. ಕರೆಂಟು ಒಳಗೆ ಬರುವ ದಾರಿಯನ್ನು ನಾವೆಲ್ಲರೂ ಹುಡುಕಿದ್ದೆವು. ಹೊರಗೆ ಹೋಗುವ ದಾರಿ ಯಾರ ನೆನಪಿಗೂ ಬಂದಿರಲಿಲ್ಲ. ಅರ್ಧಕ್ಕೆ ಮೇಲ್ಪಟ್ಟ ವೈಪರು ರೋಗಗಳು ಇಂಥವೇ ಎಂದು ಸಾಹೇಬರು ಆಮೇಲೆ ಹೇಳಿದರು. ಅಂಧಕಾರದ ಬಿರುದನ್ನು ಯಾರು ಯಾರಿಗೆ ಕೊಡಬೇಕೆಂಬುದನ್ನು ಆಗ ಯೋಚಿಸಿದೆ.

ವೈಪರಿನ ಚರಿತ್ರೆಗೆ ವಿದ್ಯುತ್ತಿನ ವೈಪರಿನ ನಂತರ ಸೇರಿದ ದೊಡ್ಡ ಅಧ್ಯಾಯ ಒಂದೇ, ಬಿಟ್ಟುಬಿಟ್ಟು ಒರಸುವ ವೈಪರಿನದು. ಮದುವೆಯ ರಾತ್ರಿ, 1953ರಲ್ಲಿ, ಶಾಂಪೇನಿನ ಬಿರಡೆ ಸಿಡಿದು ಎಡಗಣ್ಣಿನ ದೃಷ್ಟಿಯನ್ನು ಕಳೆದುಕೊಂಡ ರಾಬರ್ಟ್ ಕರ್ನ್ಸ್ ಎಂಬ ಅಮೆರಿಕದ ಎಂಜಿನಿಯರು, ಕಣ್ಣಿನ ರೆಪ್ಪೆ ಸದಾ ಬಡಿಯದೆ ಬಿಟ್ಟುಬಿಟ್ಟು ಬಡಿಯುವುದನ್ನು ನೆನೆದು ವೈಪರನ್ನೂ ಹಾಗೆ ಆಡಿಸುವ ಬಗೆಯನ್ನು ಕಂಡುಹಿಡಿದರು. ಅದಕ್ಕೆ 1967ರಲ್ಲಿ ಪೇಟೆಂಟ್ ದೊರೆಯಿತು. ಆ ಹಕ್ಕಿಗಾಗಿ 1978ರಲ್ಲಿ ಫೋರ್ಡಿನ ಮೇಲೆ ಹೂಡಿದ ವ್ಯಾಜ್ಯ 1990ರಲ್ಲಿ 102 ಲಕ್ಷ ಡಾಲರುಗಳ ಪರಿಹಾರದಲ್ಲಿ ಕೊನೆಗೊಂಡಿತು. ಅಷ್ಟರಲ್ಲಿ ಅವರ ಸಂಸಾರ ಮುರಿದಿತ್ತು. ಮೇರಿಯವರಿಗೆ ಕಾಸು ಬರಲಿಲ್ಲ, ಇವರಿಗೆ ಬಂತು; ಇಬ್ಬರಲ್ಲಿ ಯಾರ ಕಥೆ ಹೆಚ್ಚು ಖೇದಕರವೆಂಬುದನ್ನು ನಿರ್ಣಯಿಸಲು ನಾನು ಅಶಕ್ತ.

ಅತ್ತ ಷೆಡ್ಡಿನಲ್ಲಿ ಸಾಹೇಬರು ಉಪ್ಪುಕಾಗದದ ಚೂರೊಂದನ್ನು ಬೆರಳಿಗೆ ಸುತ್ತಿ, ಸ್ಕ್ರೂವಿನ ಅಡಿಯ ತಗಡನ್ನು ಎಂಟಾಣೆಯಷ್ಟಗಲ ಬೆಳ್ಳಗೆ ಹೊಳೆಯುವಂತೆ ಉಜ್ಜಿ, ವೈರನ್ನು ಸೇರಿಸಿ ಬಿಗಿದರು. ಒಣಗಾಜಿನ ಮೇಲೆ ವೈಪರು ಆಡಿಸಿದರೆ ಗೀರು ಬೀಳುತ್ತದೆಂದು ಒಂದು ಡಬ್ಬಿ ನೀರನ್ನು ಗಾಜಿನ ಮೇಲೆ ಸುರಿದು, ಗುಂಡಿ ಎಳೆಯಿರಿ ಎಂದರು. ಎರಡು ಕೈಗಳೂ ಎದ್ದು ಒರಸಿದವು. ತಳ್ಳಿರಿ ಎಂದರು, ಕೈಗಳು ಒಂದು ಅರೆಸುತ್ತು ಮುಂದುವರಿದು, ಗಾಜಿನ ತಳದಲ್ಲಿ ಜೋಡಿಯಾಗಿ ಮಲಗಿದವು. ಪಂಡಿತರು ಚೀಲಕ್ಕೆ ಕೈಹಾಕಿ, ಎಷ್ಟು ಕೊಡಲಿ ಎಂದು ಕೇಳಿದರು.

“ಸಾಮಾನು ಏನೂ ಹಾಕಿಲ್ಲ ಸ್ವಾಮಿ, ಬಣ್ಣ ತೆಗ್ದಿದ್ದೇ ಬಂತು. ಗ್ರೀಸಿಗೆ ಏನಾದ್ರೂ ಕೊಡಿ, ಅರ್ತಿಗೆ ಒಂದು ಚಾ ಕುಡಿಸಿ” ಎಂದು, ಬಲ್ಬನ್ನು ವೈರಿನೊಡನೆ ಸುತ್ತಿ ಜೇಬಿಗಿಟ್ಟುಕೊಂಡರು.